ಗೋಡೆಯ ಮೇಲೆ ಐದು ಮೀಟರ್

ನಮ್ಮ ಮಕ್ಕಳಿಗೆ ಮನೆಯಲ್ಲೇ ಪಾಠ. ಹೋಮ್‌ಸ್ಕೂಲಿಂಗ್ ಅಂತಾರಲ್ಲ, ಅದು. ಶುರು ಮಾಡುವಾಗ ಗಣಿತಕ್ಕೆ ಹೆದರಿದ್ದೆ, ಇತಿಹಾಸಕ್ಕೆ ಹೆದರಿರಲಿಲ್ಲ. ಅದರಲ್ಲೇನಿದೆ, ಓದಿ ಹೇಳಿದರಾಯ್ತು ಅಂದುಕೊಂಡಿದ್ದೆ. ನಾನು ಕಲಿತ ಇತಿಹಾಸ ಅಂದರೆ ಬರೀ ಇಸವಿ. ಹೊಂದಿಸಿ ಬರೆಯಿರಿ, ಬಿಟ್ಟ ಸ್ಥಳ ತುಂಬಿರಿ. ರಾತ್ರಿ ಉರು ಹೊಡೆದದ್ದು ಮಾರನೇ ದಿನ ಪರೀಕ್ಷೆ ಮುಗಿಯುವಷ್ಟರಲ್ಲಿ ಖಾಲಿ.

ಒಂದು ದಿನ ಒಂಬತ್ತು ವರ್ಷದ ಮಗಳು ಕೇಳಿದಳು: "ಅಮ್ಮಾ, ಕ್ರಿಸ್ತಪೂರ್ವದವರಿಗೆ ತಾವು ಕ್ರಿಸ್ತಪೂರ್ವದಲ್ಲಿದ್ದೀವಿ ಅಂತ ಗೊತ್ತಿತ್ತಾ?"

ನಕ್ಕುಬಿಟ್ಟೆ. ಆಮೇಲೆ ನಗು ತಾನಾಗೇ ನಿಂತಿತು. ಗೊತ್ತಿರಲು ಸಾಧ್ಯವೇ ಇಲ್ಲ, ಅಲ್ವಾ? ಹಾಗಾದರೆ ಅವರು ಇಸವಿ ಹೇಗೆ ಬರೆಯುತ್ತಿದ್ದರು? ಅಷ್ಟೊಂದು ಇಸವಿ ನುಂಗಿದವಳಿಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

ಕೂತು ಹುಡುಕಿದೆವು. ರೋಮ್‌ನವರು ಆ ವರ್ಷ ಅಧಿಕಾರದಲ್ಲಿದ್ದ ಇಬ್ಬರು ಕಾನ್ಸಲ್‌ಗಳ, ಅಂದರೆ ಅಲ್ಲಿನ ಅತಿ ದೊಡ್ಡ ಅಧಿಕಾರಿಗಳ, ಹೆಸರಿನಿಂದ ವರ್ಷವನ್ನು ಗುರುತಿಸುತ್ತಿದ್ದರು. ಅಶೋಕ ಕಳಿಂಗವನ್ನು ಗೆದ್ದದ್ದು ತನಗೆ ಪಟ್ಟವಾಗಿ ಎಂಟು ವರ್ಷವಾದಾಗ ಎಂದು ಕಲ್ಲಿನ ಮೇಲೆ ಬರೆಸಿದ. ಕ್ರಿಸ್ತನಿಂದ ಎಣಿಸುವ ಲೆಕ್ಕ ಹಾಕಿಕೊಟ್ಟವನು ಡಯೊನೀಸಿಯಸ್ ಎಂಬ ಸನ್ಯಾಸಿ, ಕ್ರಿ.ಶ. 525ರಲ್ಲಿ. ಅಂದರೆ ಕ್ರಿ.ಶ. 524ರವರೆಗೆ ಬದುಕಿದವರಿಗೂ ತಾವು ಕ್ರಿಸ್ತಶಕದಲ್ಲಿರುವ ಸುದ್ದಿ ಗೊತ್ತಿರಲಿಲ್ಲ!

ಇದನ್ನೆಲ್ಲ ಎಲ್ಲಾದರೂ ಬರೆದಿಡಬೇಕಲ್ಲ. ಗೋಡೆಗೆ ಉದ್ದಕ್ಕೆ ಕಾಗದದ ಪಟ್ಟಿ ಅಂಟಿಸಿದೆವು. ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರ್. ಐದು ಸಾವಿರ ವರ್ಷಕ್ಕೆ ಐದು ಮೀಟರ್ ಬೇಕಾಯಿತು. ಗೋಡೆ ಸಾಲಲಿಲ್ಲ. ನಾಗರಿಕತೆಯ ಆರಂಭ ಮೂಲೆಯಲ್ಲಿ ತಿರುಗಿ ಅಡುಗೆಮನೆಯೊಳಗೆ ಹೋಗಿದೆ.

ಹನ್ನೊಂದು ವರ್ಷದ ಮಗ ಕ್ರಿ.ಪೂ., ಕ್ರಿ.ಶ. ಕೂಡುವ ಜಾಗದಲ್ಲಿ ದೊಡ್ಡದಾಗಿ ಸೊನ್ನೆ ಬರೆದ. ಆಮೇಲೆ ನೋಡಿದರೆ ಸೊನ್ನೆಯ ವರ್ಷವೇ ಇಲ್ಲ. ಕ್ರಿ.ಪೂ. 1 ಆದ ಕೂಡಲೇ ಕ್ರಿ.ಶ. 1. "ಗಣಿತದ ಸಂಖ್ಯಾರೇಖೆಯಲ್ಲಿ ಇದೆಯಲ್ಲ!" ಅಂತ ಅವನು ಜಗಳಕ್ಕೇ ನಿಂತ. ಅವನ ಪರವಾಗಿಯೇ ನಾನೂ ಇದ್ದೆ, ಆದರೆ ರಬ್ಬರ್ ಹಿಡಿಯಲೇಬೇಕಾಯಿತು.

ನನಗೆ ಹೊಡೆತ ಬಿದ್ದದ್ದು ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳಿಂದ. ನನ್ನ ತಲೆಯಲ್ಲಿ ಅವಳ ಕಿಟಕಿ ತೆರೆದರೆ ಹೊರಗೆ ಪಿರಮಿಡ್ ಕಟ್ಟುವ ಕೆಲಸ ನಡೆದಿರುತ್ತಿತ್ತು. ಟೇಪು ಹಿಡಿದು ಅಳೆದರೆ, ಗೀಜಾದ ದೊಡ್ಡ ಪಿರಮಿಡ್‌ನಿಂದ ಅವಳಿಗೆ ಎರಡೂವರೆ ಮೀಟರ್. ಅವಳಿಂದ ನಮಗೆ ಎರಡು ಮೀಟರ್ ಚಿಲ್ಲರೆ. ಅವಳು ನಮ್ಮ ಕಡೆಯವಳು! ಪಿರಮಿಡ್ ಅವಳ ಕಾಲಕ್ಕೇ ಪ್ರಾಚೀನ. ಇಬ್ಬರನ್ನೂ ಒಂದೇ ಪುಟದಲ್ಲಿ ಓದಿ ಒಂದೇ ಓಣಿಯವರು ಮಾಡಿಬಿಟ್ಟಿದ್ದೆ.

ಮಗಳಿಗೆ ಡೈನೋಸಾರ್ ಬೇಕಿತ್ತು. ಅವು ಅಳಿದು ಸುಮಾರು 6 ಕೋಟಿ 60 ಲಕ್ಷ ವರ್ಷ. ನಮ್ಮ ಅಳತೆಯಲ್ಲಿ 66 ಕಿಲೋಮೀಟರ್ ಕಾಗದ. ಸದ್ಯಕ್ಕೆ ಬೇಡ ಅಂದಿದ್ದೇನೆ.

1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರ್ ತಿದ್ದಿಸಿದಾಗ ಅಕ್ಟೋಬರ್ 4ರ ಮರುದಿನ 15 ಬಂತು. ಹಾಗಾದರೆ ಆ ವರ್ಷ 10ನೇ ತಾರೀಖಿನವರ ಹುಟ್ಟುಹಬ್ಬ ಏನಾಯ್ತು ಎಂಬುದೇ ಮಗಳ ಚಿಂತೆ. ಆ ಹತ್ತು ದಿನವನ್ನು ಪಟ್ಟಿಯಲ್ಲಿ ತೋರಿಸಲು ಹೋದೆವು. ಪೆನ್ಸಿಲ್ ಗೆರೆಯೇ ಅದಕ್ಕಿಂತ ದಪ್ಪ.

ಪಟ್ಟಿಯ ಈ ತುದಿಯಲ್ಲಿ ಇಬ್ಬರೂ ನನ್ನನ್ನು ಅಳೆದರು. ನಾಲ್ಕು ಸೆಂಟಿಮೀಟರ್ ಮೇಲೆ ಎರಡು ಮಿಲಿಮೀಟರ್. "ಇಷ್ಟೇನಾ?" ಅಂದಳು ಮಗಳು, ಸ್ವಲ್ಪ ಕನಿಕರದಿಂದ.

ನಿನ್ನೆ ಮಗನ ಗಣಿತದ ಪುಸ್ತಕ ತೆರೆದೆ. ತಾರೀಖು ಹಾಕುವ ಜಾಗದಲ್ಲಿ ಬರೆದಿದ್ದ: "ಅಮ್ಮನ ಆಳ್ವಿಕೆಯ 11ನೇ ವರ್ಷ." ಅದರ ಕೆಳಗೆ ಒಂದು ಲೆಕ್ಕವನ್ನೂ ಬಿಡಿಸಿರಲಿಲ್ಲ.