ಮದುವೆಗೆ ಹೋಗಿದ್ದಕ್ಕೆ 320 ಪೌಂಡ್ ದಂಡ

ಊರಿಂದ ತಂದಿದ್ದ ಚಕ್ಲಿ ಡಬ್ಬ ಇನ್ನೂ ಮುಗಿದಿರ್ಲಿಲ್ಲ, ಇಂಗ್ಲೆಂಡಿನ ನಮ್ಮ ಮನೆಗೆ ಇಲ್ಲಿನ ಕೌನ್ಸಿಲ್‌ನಿಂದ, ಅಂದ್ರೆ ಸ್ಥಳೀಯ ಆಡಳಿತದಿಂದ, ನಾಲ್ಕು ಕವರ್ ಬಂತು. ನನ್ನ ಹೆಸರಿಗೆ ಎರಡು, ಹೆಂಡ್ತಿ ಹೆಸರಿಗೆ ಎರಡು. ನಮ್ಮಿಬ್ಬರು ಮಕ್ಕಳು ರಜೆ ಇಲ್ಲದ ಟೈಮಲ್ಲಿ 6 ದಿನ ಸ್ಕೂಲಿಗೆ ಹೋಗಿಲ್ಲ ಅಂತ ಒಂದು ಮಗುವಿಗೆ ಒಬ್ಬೊಬ್ಬ ಪೇರೆಂಟ್‌ಗೆ 80 ಪೌಂಡ್ ದಂಡ, ಒಟ್ಟು 320. ನಮ್ಮ ದುಡ್ಡಲ್ಲಿ 35 ಸಾವಿರದ ಮೇಲೇ. ಅಣ್ಣನ ದೊಡ್ಡ ಮಗಳ ಮದುವೆ, ಚಿಂತಾಮಣಿಯ ಛತ್ರದಲ್ಲಿ, ಚಪ್ಪರದ ದಿನದಿಂದ ಬೀಗರೂಟದವರೆಗೆ ಇದ್ವಿ ಅಷ್ಟೇ. ಹೋಗೋ ಮುಂಚೆ ಸ್ಕೂಲಿಗೆ ಫಾರ್ಮ್ ತುಂಬಿ ಕೇಳಿದ್ದೆ ಕೂಡ, ಹೆಡ್ ಟೀಚರ್ ಆಗಲ್ಲ ಅಂದಿದ್ರು, ಆದ್ರೂ ಹೋದ್ವಿ. ಚಿಕ್ಕಪ್ಪ ಆದವನು ಧಾರೆಗೆ ಇರ್ಬೇಡ್ವಾ?

ಅಣ್ಣಂಗೆ ಫೋನ್ ಮಾಡಿ ಹೇಳಿದ್ರೆ ನಂಬ್ಲೇ ಇಲ್ಲ. "ಮಕ್ಕಳು ಮದುವೆಗೆ ಬಂದಿದ್ದಕ್ಕೆ ಸರ್ಕಾರ ದಂಡ ಹಾಕುತ್ತಾ? ಎಂಥ ದೇಶನಪ್ಪ ಅದು, ಬಿಟ್ಟು ಬಂದ್ಬಿಡು" ಅಂದ. ಆವತ್ತು ನಂಗೂ ಹಂಗೇ ಅನ್ಸಿತ್ತು, ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ.

ಇಂಗ್ಲೆಂಡಲ್ಲಿ ಲೆಕ್ಕ ಹೀಗೆ. ಒಂದು ದಿನಕ್ಕೆ ಎರಡು ಹಾಜರಿ, ಬೆಳಗ್ಗೆ ಒಂದು ಮಧ್ಯಾಹ್ನ ಒಂದು. ಸ್ಕೂಲಿನ 10 ವಾರದೊಳಗೆ ಅನುಮತಿ ಇಲ್ದೆ 10 ಹಾಜರಿ ತಪ್ಪಿದ್ರೆ, ಅಂದ್ರೆ 5 ದಿನ, ದಂಡದ ಮಾತು ಬರುತ್ತೆ. 2024ರ ಆಗಸ್ಟ್‌ವರೆಗೆ 60 ಪೌಂಡ್ ಇತ್ತು, ಆಮೇಲೆ 80 ಆಯ್ತು. 21 ದಿನದೊಳಗೆ ಕಟ್ಟಿದ್ರೆ 80, ತಡ ಮಾಡಿದ್ರೆ 160. ಮೂರು ವರ್ಷದೊಳಗೆ ಅದೇ ಮಗುವಿಗೆ ಎರಡನೇ ಸಲ ಬಂದ್ರೆ ನೇರ 160, ಮೂರನೇ ಸಲ ಆದ್ರೆ ಕೋರ್ಟಿಗೂ ಎಳೀಬಹುದು. ಬೆಳಗ್ಗೆ ರಿಜಿಸ್ಟರ್ ಕ್ಲೋಸ್ ಆದ್ಮೇಲೆ ಸರಿಯಾದ ಕಾರಣ ಇಲ್ದೆ ಹೋದ್ರೂ ಆ ಹಾಜರಿ ಹೋದ ಹಾಗೇನೇ.

ಫ್ಯಾಮಿಲಿ ಗ್ರೂಪಲ್ಲಿ ಎಲ್ಲರೂ ಬೈದು ಮುಗಿಸಿದ ಮೇಲೆ ಅಕ್ಕನ ವಾಯ್ಸ್ ಮೆಸೇಜ್ ಬಂತು. ಅಕ್ಕ ಟೈಪ್ ಮಾಡಲ್ಲ, ಒಂದೊಂದೇ ಅಕ್ಷರ ಹುಡುಕೋದು ಕಷ್ಟ ಅವಳಿಗೆ. ಹಿಂದೆ ಹಸು ಕೂಗ್ತಿತ್ತು, ನಿಧಾನಕ್ಕೆ ಹೇಳಿದ್ಲು: "ಅಪ್ಪಂಗೂ ಯಾರಾದ್ರೂ ಹಿಂಗೆ ದಂಡ ಹಾಕಿದ್ರೆ ನಾನೂ ನಾಲ್ಕಕ್ಷರ ಓದ್ತಿದ್ನೇನೋ ಕಣಪ್ಪ."

ಆ ಹನ್ನೆರಡು ಸೆಕೆಂಡಿನ ಮೆಸೇಜ್ ಎಷ್ಟು ಸಲ ಕೇಳಿದ್ದೀನೋ.

ಶಿಡ್ಲಘಟ್ಟದ ಕಡೆ ರೇಷ್ಮೆ ಮನೆಯಲ್ಲಿ ಹುಟ್ಟಿದವರಿಗೆ ಇದು ಹೇಳಲೇಬೇಕಾಗಿಲ್ಲ. ಹುಳ ತಿನ್ನೋದು ಬಿಟ್ಟು ಪೊರೆ ಕಳಚೋದನ್ನ ನಮ್ಮ ಕಡೆ ಜ್ವರ ಅಂತಾರೆ; ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನೋ ಸದ್ದು ಮಳೆ ಬಂದ ಹಾಗೆ ಕೇಳ್ತಿರುತ್ತೆ, ಹಗಲು ರಾತ್ರಿ ಸೊಪ್ಪು ಹಾಕ್ಬೇಕು, ವಾರ ಆದ್ಮೇಲೆ ಹುಳ ಹಣ್ಣಾಗುತ್ತೆ, ಅಂದ್ರೆ ಗೂಡು ಕಟ್ಟೋಕೆ ಸಿದ್ಧ, ಹಣ್ಣಾದ ಹುಳ ಅರ್ಧ ದಿನ ಕೂಡ ಕಾಯಲ್ಲ, ಆರಿಸಿ ಆರಿಸಿ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ಬಿದಿರಿನ ತಟ್ಟಿಗೆ ಬಿಡ್ಬೇಕು, ಇಲ್ಲಾಂದ್ರೆ ತಟ್ಟೆಯಲ್ಲೇ ನೂಲು ಬಿಡೋಕೆ ಶುರು. ಮನೇಲಿರೋ ಕೈ ಎಲ್ಲಾ ಬೇಕು, ಮೊದಲು ಬೇಕಾಗಿದ್ದು ಅಕ್ಕನ ಕೈ. ವರ್ಷಕ್ಕೆ ಐದಾರು ಬೆಳೆ, ಪ್ರತಿ ಬೆಳೆಗೂ ಹತ್ತು ದಿನ ಸ್ಕೂಲು ಹೋಯ್ತು. ಆರನೇ ಕ್ಲಾಸಲ್ಲಿ ಒಂದು ಬೆಳೆಗೆ ಅಂತ ಮನೇಲಿ ಉಳಿದವಳು ಮತ್ತೆ ಸ್ಕೂಲಿಗೆ ಹೋಗ್ಲೇ ಇಲ್ಲ. ನಿಂತುಹೋದ ದಿನ ಯಾವುದು ಅಂತ ಅವಳಿಗೂ ಗೊತ್ತಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ಆ ವರ್ಷ ಪೂರ್ತಿ ಪ್ರೆಸೆಂಟ್. ಇನ್‌ಸ್ಪೆಕ್ಷನ್ ದಿನ ದೊಡ್ಡ ಹುಡುಗರನ್ನ ಕಳಿಸಿ ಮನೆಯಿಂದ ಕರ್ಕೊಂಡು ಹೋಗಿ ಕೂರಿಸ್ತಿದ್ರು, ಸಾಹೇಬ್ರು ಹೋದ ಮೇಲೆ ವಾಪಸ್ ಸೊಪ್ಪಿಗೆ.

ನಾನು ರಜಾ ಹಾಕಿದ್ರೆ ಮಾತ್ರ ಹಂಗಾಗ್ತಿರ್ಲಿಲ್ಲ. "ಜ್ವರ ಬಂದಿತ್ತು ಸಾರ್" ಅಂದ್ರೆ ನಮ್ಮ ಲೆಕ್ಕದ ಮೇಷ್ಟ್ರು "ಹುಳಕ್ಕೆ ಜ್ವರ ಬಿಟ್ಟಾಗೆಲ್ಲ ನಿಂಗೆ ಜ್ವರ ಬರ್ತದಲ್ಲಯ್ಯ" ಅಂತಿದ್ರು. ಒಂದು ಸಲ ಮೂರು ದಿನ ಹೋಗಿರ್ಲಿಲ್ಲ, ಸಂಜೆ ಸೈಕಲ್ ಮೇಲೆ ಮನೆಗೇ ಬಂದ್ರು, ಚಪ್ಪಲಿ ಹೊರಗೆ ಬಿಟ್ಟು ಹುಳದ ಮನೆ ಬಾಗಿಲಲ್ಲಿ ನಿಂತು ನನ್ನ ಕೈಲಿ ಹದಿನೇಳರ ಮಗ್ಗಿ ಹೇಳಿಸಿ, ನಾಳೆ ಕಳಿಸಿ ಅಂತ ಅಪ್ಪಂಗೆ ಹೇಳಿ ಹೋದ್ರು. ನನ್ನ ಪಕ್ಕದಲ್ಲೇ ಅಕ್ಕ ಸೊಪ್ಪು ಹೆಚ್ತಾ ಕೂತಿದ್ಲು. ಅವಳನ್ನ ಏನೂ ಕೇಳ್ಲಿಲ್ಲ.

ಇಲ್ಲಿ ಹೋದ ಚಳಿಗಾಲದಲ್ಲಿ ಮಗಂಗೆ ವಾಂತಿ, ನಾವು ಗಾಬರಿಯಲ್ಲಿ ಸ್ಕೂಲಿಗೆ ತಿಳಿಸೋದು ಮರೆತ್ವಿ. 9:40ಕ್ಕೆ ಫೋನ್. ಆಫೀಸಲ್ಲಿರೋ ಹೆಂಗಸು ಮೊದಲು ಕೇಳಿದ್ದು ಮಗು ಮನೇಲಿ ನಿಮ್ಮ ಹತ್ರಾನೇ ಇದ್ದಾನಾ, ಸೇಫಾಗಿದ್ದಾನಾ ಅಂತ. ಕಾರಣ ಕೇಳಿದ್ದು ಆಮೇಲೆ. ಒಂದು ಮಗು ಬಂದಿಲ್ಲ ಅಂದ್ರೆ ಅದೇ ದಿನ, ಅದೇ ಬೆಳಗ್ಗೆ ಒಬ್ಬರು ಹುಡುಕ್ಬೇಕು ಅನ್ನೋದು ಇಲ್ಲಿ ಅವರ ಕೆಲಸ. ಹುಡುಗ ಹುಡುಗಿ ಅಂತ ನೋಡಲ್ಲ, ಜಾಣ ದಡ್ಡ ಅಂತ ನೋಡಲ್ಲ. ಮೇಷ್ಟ್ರ ಮನಸ್ಸು ಬಂದ್ರೆ ಅನ್ನೋದು ಇಲ್ಲವೇ ಇಲ್ಲ.

ನಮ್ಮ ಕಡೆ ಈಗ ಬದಲಾಗಿದೆ ಅಂತೀರಿ, ನಿಜ. ಬಿಸಿಯೂಟ ಬಂತು, 2013ರಿಂದ ಹಾಲು ಬಂತು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕು ಅಂತ 2010ರಿಂದ ಕಾಯ್ದೆ ಇದೆ, ಎಸ್ಸೆಸ್ಸೆಲ್ಸಿಗೆ ಕೂರೋಕೆ 75% ಹಾಜರಿ ಬೇಕು. ಆದ್ರೆ ಮನೆಯವರ ಬುದ್ಧಿ? ಇದೇ ಮದುವೆಗೆ ಅಣ್ಣನ ಚಿಕ್ಕ ಮಗಳು ಹದಿನೈದು ದಿನ ಸ್ಕೂಲಿಗೆ ಹೋಗಿಲ್ಲ, ಒಂಬತ್ತನೇ ಕ್ಲಾಸು. ಲೀವ್ ಲೆಟರಲ್ಲಿ ಹುಷಾರಿಲ್ಲ ಅಂತ ಬರೆದು ಅಣ್ಣಾನೇ ಸೈನ್ ಹಾಕಿದ, ಮಗು ಪಕ್ಕದಲ್ಲೇ ನಿಂತು ನೋಡ್ತಿತ್ತು. ನಂಗೆ ಅದು ತುಂಬಾ ಬೇಜಾರಾಯ್ತು. "ಹದಿನೈದು ದಿನಕ್ಕೆ ಏನಾಗುತ್ತೆ ಬಿಡು" ಅಂತಾನೆ. ಅಕ್ಕನ ವಿಷಯದಲ್ಲೂ ಇದೇ ಮಾತು ಅಂದಿದ್ರು.

ಆದ್ರೂ ಒಂದು ಒಪ್ಕೋಬೇಕು, ಬರೆಯೋಕೆ ಮನಸ್ಸಿಲ್ಲ ಆದ್ರೂ ಬರೀತೀನಿ. ಆಗ ಅಪ್ಪಂಗೆ ದಂಡ ಹಾಕಿದ್ರೆ ಎಲ್ಲಿಂದ ಕಟ್ತಿದ್ರು? ಗೂಡು ಮಾರಿನೇ ಕಟ್ಬೇಕಿತ್ತು, ಗೂಡಾಗ್ಬೇಕು ಅಂದ್ರೆ ಅಕ್ಕ ಮನೇಲಿ ಇರ್ಬೇಕಿತ್ತು. ಇಲ್ಲೂ ಅದೇ ಕಥೆ, ನಂಗೆ 320 ಪೌಂಡ್ ನೋವಾಯ್ತು ಅಷ್ಟೇ, ಎರಡು ಶಿಫ್ಟ್ ಮಾಡಿ ಬಾಡಿಗೆ ಕಟ್ಟೋರಿಗೆ ಅದು ತಿಂಗಳ ದಿನಸಿ. ಇನ್ನು ದುಡ್ಡಿರೋರು ರಜೆ ಸೀಸನ್ನಿನ ವಿಮಾನದ ಟಿಕೆಟ್‌ಗಿಂತ ದಂಡಾನೇ ಚೀಪು ಅಂತ ಲೆಕ್ಕ ಹಾಕಿ ಟೂರ್ ಹೋಗ್ತಾರೆ, ನಮ್ಮ ಬೀದಿಯಲ್ಲೇ ಇದ್ದಾರೆ. ಮಕ್ಕಳಿಗೆ ಸೋದರತ್ತೆ ಯಾರು, ದೊಡ್ಡಪ್ಪ ಯಾರು ಅಂತ ಗೊತ್ತಾಗಿದ್ದು ಆ ಆರು ದಿನದಲ್ಲೇ, ಅದಕ್ಕೆ ಯಾವ ಫಾರ್ಮಲ್ಲೂ ಕಾಲಮ್ ಇಲ್ಲ ಅನ್ನೋದೂ ನಿಜ.

ಹತ್ತೊಂಬತ್ತನೇ ದಿನ ನಾಲ್ಕೂ ಕಟ್ಟಿದೆ. ಅಣ್ಣಂಗೆ ಈಗಲೇ ಹೇಳಿಟ್ಟಿದ್ದೀನಿ, ಚಿಕ್ಕವಳು ಮೊದಲು ಓದಿ ಮುಗಿಸಲಿ, ಆಮೇಲೆ ಮದುವೆ ಮಾಡುವಾಗ ಏಪ್ರಿಲ್ ಕಡೆ ಮುಹೂರ್ತ ನೋಡಿಸು, ಇಲ್ಲಿ ಈಸ್ಟರ್‌ಗೆ ಎರಡು ವಾರ ರಜೆ ಇರುತ್ತೆ.