ಎರಡು ಕೊನೇ ಓವರ್, ಒಂದು ಹಳೇ ಪೋಸ್ಟ್

ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಫೋನ್ ತೆಗೆದರೆ, ಫೇಸ್‌ಬುಕ್ ನನ್ನದೇ ಹಳೇ ಪೋಸ್ಟ್ ಒಂದನ್ನ ಎತ್ತಿ ಮುಖಕ್ಕೆ ಹಿಡಿದಿತ್ತು. 2024ರ ಮೇ 1. ಹಿಂದಿನ ದಿನ ತಾನೇ ಟಿ20 ವಿಶ್ವಕಪ್‌ಗೆ ತಂಡ ಪ್ರಕಟ ಆಗಿತ್ತು. ನಾನು ಬರೆದಿದ್ದು ಇಷ್ಟು: "ನಮ್ಮ ಕೆ.ಎಲ್. ರಾಹುಲ್‌ಗೆ ಜಾಗ ಇಲ್ಲ. ರಿಂಕು ಸಿಂಗ್ ಮೀಸಲು ಪಟ್ಟಿಯಲ್ಲಿ. ಹಾರ್ದಿಕ್ ಪಾಂಡ್ಯ ಮಾತ್ರ ಉಪನಾಯಕ! ಯಾವ ಆಟ ನೋಡಿ ಕೊಟ್ಟರಪ್ಪಾ?" ಲೈಕುಗಳೋ ಲೈಕು. ಅಕ್ಕನ ಮಗ ಒಬ್ಬನೇ ಕೆಳಗೆ ಬಂದು "ಮಾಮ, ಎರಡು ಕೆಜಿ ಬಾದಾಮಿ ಮಾವಿನಹಣ್ಣು ಪಂಥ. ಜೂನ್‌ನಲ್ಲಿ ಮಾತಾಡೋಣ" ಅಂತ ಬರೆದಿದ್ದ.

ಡಿಲೀಟ್ ಮಾಡೋಣ ಅಂತ ಬೆರಳು ಹೋಯ್ತು. ಯಾಕೋ ಬಿಟ್ಟೆ.

ಆಗ ನಾನು ಸುಮ್ನೆ ಬೈದಿರಲಿಲ್ಲ, ನೋಡಿ. ಆ ವರ್ಷದ ಐಪಿಎಲ್‌ನಲ್ಲಿ ಹಾರ್ದಿಕ್ ಆಟ ಹಾಗೇ ಇತ್ತು. 14 ಪಂದ್ಯ, 216 ರನ್, 11 ವಿಕೆಟ್, ಓವರಿಗೆ 10ಕ್ಕಿಂತ ಜಾಸ್ತಿ ರನ್. ಇವನು ನಾಯಕನಾಗಿದ್ದ ಮುಂಬೈ ತಂಡ ಕೊನೇ ಸ್ಥಾನ. ಅಹಮದಾಬಾದಿನಲ್ಲಿ ಬುಮ್ರಾನಂಥವನು ಪಕ್ಕದಲ್ಲಿ ಇದ್ದಾಗ ಇವನು ತಾನೇ ಹೊಸ ಚೆಂಡು ಹಿಡ್ಕೊಂಡು ಹೋಗಿ ಹೊಡಿಸಿಕೊಂಡು ಬಂದ. ಇನ್ನು ಏಪ್ರಿಲ್ 14ರಂದು ವಾಂಖೆಡೆ ಮೈದಾನದಲ್ಲಿ ಚೆನ್ನೈ ವಿರುದ್ಧ ಆಗಿದ್ದು ಮರೆಯೋಕೆ ಆಗುತ್ತಾ? 20ನೇ ಓವರ್ ಹಾಕೋಕೆ ತಾನೇ ಬಂದ, ಧೋನಿ ಎದುರಿಗೆ. ಸಿಕ್ಸ್, ಸಿಕ್ಸ್, ಸಿಕ್ಸ್. ಮೂರನೆಯದು ನೆಲಕ್ಕೆ ತಾಗದೆ ನೇರ ಕಾಲಿನ ಮೇಲೆ ಬಂದ ಫುಲ್ ಟಾಸ್, ಧೋನಿ ತಟ್ಟಿ ಕಳಿಸಿದ ಅಷ್ಟೇ. ಆ ಓವರಲ್ಲಿ 26 ರನ್. ಮುಂಬೈ ಸೋತಿದ್ದು 20 ರನ್ನಿಂದ. ಲೆಕ್ಕ ಬರದವರಿಗೂ ಅವತ್ತು ಲೆಕ್ಕ ಬಂತು.

ಆದರೆ ಈಗ ಆ ಪೋಸ್ಟ್ ಓದಿದರೆ ಅದರಲ್ಲಿ ಬೌಲಿಂಗ್ ಅನ್ನೋ ಪದವೇ ಇಲ್ಲ. ಒಂದು ಸಲವೂ ಇಲ್ಲ. ರೋಹಿತ್ ಕೈಯಿಂದ ಮುಂಬೈ ನಾಯಕತ್ವ ಇವನಿಗೆ ಹೋಯ್ತು ಅನ್ನೋ ಸಿಟ್ಟು, ಕೋಚ್ ಜಾಗದಲ್ಲಿ ನಮ್ಮ ದ್ರಾವಿಡ್ ಇದ್ದೂ ರಾಹುಲ್‌ನ ಬಿಟ್ಟರಲ್ಲ ಅನ್ನೋ ಸಿಟ್ಟು, ಎಲ್ಲಾ ಸೇರಿ ಒಂದೇ ಪಾತ್ರೆಯಲ್ಲಿ ಕುದಿಸಿದ್ದೆ. ರಾಹುಲ್ ಜಾಗಕ್ಕೂ ಹಾರ್ದಿಕ್ ಜಾಗಕ್ಕೂ ಏನು ಸಂಬಂಧ? ರಾಹುಲ್ ಬರಬೇಕಿದ್ದಿದ್ದು ವಿಕೆಟ್ ಕೀಪರ್ ಜಾಗಕ್ಕೆ, ಅಲ್ಲಿದ್ದವರು ಪಂತ್, ಸಂಜು. ಹಾರ್ದಿಕ್ ಜಾಗ ಬೇರೆಯೇ. ಆ ತಂಡದಲ್ಲಿ ಪೂರ್ತಿ ವೇಗದ ಬೌಲರುಗಳು ಮೂರೇ ಜನ. ಬುಮ್ರಾ, ಅರ್ಷದೀಪ್, ಸಿರಾಜ್. ಸ್ಪಿನ್ನರುಗಳು ನಾಲ್ಕು. ವೆಸ್ಟ್ ಇಂಡೀಸ್‌ನಲ್ಲಿ ಸಿರಾಜ್‌ನ ಹೊರಗೆ ಕೂರಿಸಿ ಸ್ಪಿನ್ನರ್ ಕುಲದೀಪ್‌ನ ಆಡಿಸಬೇಕು ಅಂದ್ರೆ ಮೂರನೇ ವೇಗಿ ಇವನೇ ಆಗಬೇಕು. ಆಗಿದ್ದೂ ಅದೇ. ಆಯ್ಕೆ ಮಾಡಿದವರು ಇವನ ನಾಲ್ಕು ಓವರ್ ನೋಡಿದ್ದರು. ನಾನು ಇವನ ಮುಖ ನೋಡಿದ್ದೆ.

ಇನ್ನೊಂದು ಮಾತು. ಬ್ಯಾಟಿಂಗ್ ಫಾರ್ಮ್ ಬೇರೆ, ಬೌಲಿಂಗ್ ಫಾರ್ಮ್ ಬೇರೆ. ಅದರಲ್ಲೂ ಬೆನ್ನು ಕೆಟ್ಟ ವೇಗಿಗೆ. 2018ರ ಸೆಪ್ಟೆಂಬರ್‌ನಲ್ಲಿ ದುಬೈಯಲ್ಲಿ ಓವರ್ ಮಧ್ಯೆ ಬಿದ್ದವನನ್ನ ಸ್ಟ್ರೆಚರ್ ಮೇಲೆ ಹೊತ್ತುಕೊಂಡು ಹೋದರು. 2019ರಲ್ಲಿ ಲಂಡನ್‌ನಲ್ಲಿ ಬೆನ್ನಿನ ಆಪರೇಷನ್. 2021ರ ಟಿ20 ವಿಶ್ವಕಪ್‌ಗೆ ಆಲ್‌ರೌಂಡರ್ ಅಂತ ಹೋಗಿ ಪಾಕಿಸ್ತಾನದ ವಿರುದ್ಧ ಒಂದು ಓವರೂ ಹಾಕಲಿಲ್ಲ. ಆಮೇಲೆ 2022ರ ಐಪಿಎಲ್ ಫೈನಲ್‌ನಲ್ಲಿ 17 ರನ್‌ಗೆ 3 ವಿಕೆಟ್ ತೆಗೆದು ಕಪ್ ಎತ್ತಿದ. ಸರಿ ಹೋದ ಅಂದುಕೊಂಡರೆ 2023ರ ವಿಶ್ವಕಪ್‌ನಲ್ಲಿ, ಪುಣೆಯಲ್ಲಿ, ಚೆಂಡು ತಡೆಯೋಕೆ ಕಾಲು ಚಾಚಿ ಪಾದ ತಿರುಚಿಕೊಂಡ. ಮೂರೇ ಎಸೆತ ಹಾಕಿದ್ದ, ಓವರ್ ಮುಗಿಸಿದ್ದು ಕೊಹ್ಲಿ. ನಾನು ಭಾನುವಾರ ಲೇಔಟ್ ಮೈದಾನದಲ್ಲಿ ಟೆನಿಸ್ ಬಾಲ್‌ನಲ್ಲಿ ಮೂರು ಓವರ್ ಹಾಕಿದರೆ ಬುಧವಾರದವರೆಗೂ ಬಗ್ಗಿ ಚಪ್ಪಲಿ ತೆಗೆಯೋಕೆ ಆಗಲ್ಲ. ಇದನ್ನ ನೆನಪಿಟ್ಟುಕೊಂಡಾದರೂ ಬೈಬೇಕಿತ್ತು.

2024ರ ವಿಶ್ವಕಪ್‌ನಲ್ಲಿ ನಮ್ಮವರು ಮೊದಲು ಆಡಿದ ನ್ಯೂಯಾರ್ಕ್‌ನ ಆ ವಿಚಿತ್ರ ಪಿಚ್ ಹಾರ್ದಿಕ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಸ್ವಲ್ಪ ಹಿಂದೆ ಕುಕ್ಕಿದರೆ ಸಾಕು, ಒಂದು ಎದೆಗೆ ಏಳುತ್ತೆ, ಇನ್ನೊಂದು ಏಳಲ್ಲ. ಐರ್ಲೆಂಡ್ ಮೇಲೆ 3 ವಿಕೆಟ್, ಪಾಕಿಸ್ತಾನದ ಮೇಲೆ 2, ಅಮೆರಿಕ ಮೇಲೆ 2. ನಾನು ಆಗಲೂ "ಪಿಚ್ ಹಂಗಿದೆ" ಅಂತಲೇ ಹೇಳ್ತಿದ್ದೆ. ಅಕ್ಕನ ಮಗ ಮೆಸೇಜ್ ಮಾಡೋದು ನಿಲ್ಲಿಸಲಿಲ್ಲ.

ಜೂನ್ 29, ಬಾರ್ಬಡೋಸ್ ಫೈನಲ್. ಅಕ್ಕನ ಮನೆಯಲ್ಲಿ ಕೂತಿದ್ದೆವು. ಅಕ್ಷರ್ ಓವರಲ್ಲಿ 24 ರನ್ ಹೋಗಿ, ದಕ್ಷಿಣ ಆಫ್ರಿಕಾಗೆ 30 ಎಸೆತಕ್ಕೆ 30 ಬೇಕಿತ್ತು. ಭಾವ ಎದ್ದು ಮಲಗೋಕೆ ಹೋದರು. ಬುಮ್ರಾ ಒಂದು ಓವರ್ ಹಿಡಿದು ಹಾಕಿದ. ಪಂತ್ ಮಂಡಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಾ ಆಟ ನಿಂತಿತು. ಆಮೇಲೆ 17ನೇ ಓವರ್ ಹಾರ್ದಿಕ್‌ದು. ಮೊದಲನೇ ಎಸೆತ, ಆಫ್ ಸ್ಟಂಪಿನಿಂದ ದೂರಕ್ಕೆ, ನಿಧಾನಕ್ಕೆ. 27 ಎಸೆತಕ್ಕೆ 52 ಚಚ್ಚಿದ್ದ ಕ್ಲಾಸೆನ್ ಕೈ ಚಾಚಿದ, ಅಂಚಿಗೆ ತಾಗಿ ಪಂತ್ ಕೈಗೆ. ಇದು ಪಿಚ್ ಅಲ್ಲ, ಅದೃಷ್ಟವೂ ಅಲ್ಲ. ಎಲ್ಲಿ ಹಾಕಿದರೆ ಅವನಿಗೆ ಎಟುಕಲ್ಲ ಅಂತ ಗೊತ್ತಿದ್ದು ಹಾಕಿದ್ದು. ಆ ಓವರಲ್ಲಿ ಕೊಟ್ಟಿದ್ದು 4 ರನ್.

ಕೊನೇ ಓವರಿಗೆ 16 ಬೇಕು. ಮತ್ತೆ ಇವನೇ. ನನ್ನ ಕಣ್ಣ ಮುಂದೆ ವಾಂಖೆಡೆ ಬಂತು. ಮೊದಲ ಎಸೆತ ಏನು ಹಾಕಿದ ಹೇಳಿ? ಫುಲ್ ಟಾಸ್! ಮಿಲ್ಲರ್ ನೇರಕ್ಕೆ ಎತ್ತಿದ, ಬೌಂಡರಿ ಗೆರೆ ಹತ್ತಿರ ಸೂರ್ಯಕುಮಾರ್ ಹಿಡಿದು, ಮೇಲಕ್ಕೆ ಎಸೆದು, ಆಚೆ ಹೋಗಿ, ಈಚೆ ಬಂದು ಮತ್ತೆ ಹಿಡಿದ. ಏಪ್ರಿಲ್‌ನ ಫುಲ್ ಟಾಸ್‌ಗೂ ಜೂನ್‌ನ ಫುಲ್ ಟಾಸ್‌ಗೂ ನಡುವೆ 76 ದಿನ. ಒಂದು ಕಾಲಿನ ಮೇಲೆ, ಇನ್ನೊಂದು ಕೈಗೆ ದೂರ. ಸೂರ್ಯ ಒಂದು ಹೆಜ್ಜೆ ತಡ ಮಾಡಿದ್ದರೆ ಇವತ್ತು ನನ್ನ ಹಳೇ ಪೋಸ್ಟನ್ನ ಹೆಮ್ಮೆಯಿಂದ ಶೇರ್ ಮಾಡ್ತಿದ್ದೆ, ಅದೂ ನಿಜ. ಆದರೆ ಕ್ಲಾಸೆನ್ ವಿಕೆಟ್ ಆಗಲೂ ಅವನದೇ ಆಗಿರ್ತಿತ್ತು.

3 ಓವರ್, 20 ರನ್, 3 ವಿಕೆಟ್. ಗೆದ್ದಿದ್ದು 7 ರನ್ನಿಂದ. ಅವನು ಮೈದಾನದಲ್ಲೇ ಅತ್ತ. ಟಿವಿಯವರ ಜೊತೆ ಮಾತಾಡ್ತಿದ್ದಾಗ ರೋಹಿತ್ ಬಂದು ಕೆನ್ನೆಗೆ ಮುತ್ತಿಟ್ಟು ಹೋದ. ಯಾರ ಪರವಾಗಿ ನಾನು ಎರಡು ತಿಂಗಳು ಜಗಳ ಆಡಿದ್ದೆನೋ ಅವನೇ!

ಇಷ್ಟು ಬರೆದು, ಹಳೇ ಪೋಸ್ಟನ್ನೂ ಜೊತೆಗೆ ಹಾಕಿದ್ದೀನಿ, ಬೈಯೋರು ಬೈಯಬಹುದು. ಅವತ್ತು ರಾತ್ರಿ ಅಕ್ಕನ ಮಗನಿಗೆ "ಸೀಸನ್ ಮುಗೀತು ಕಣೋ, ಮುಂದಿನ ವರ್ಷ" ಅಂದು ತಪ್ಪಿಸಿಕೊಂಡಿದ್ದೆ. ಈಗ ಮೇ ತಿಂಗಳು. ಅವನ ಮೆಸೇಜ್ ಆಗಲೇ ಬಂದಿದೆ: "ಮಾಮ, ಎರಡು ಕೆಜಿ. ಬಡ್ಡಿ ಸೇರಿ ಮೂರು."