ಪುಣೆಯ ಮುಲಾಖತ್ತು, ಸಾಗರದ ಜಗಲಿ ಮಾತು

ಪುಣೆಯಲ್ಲಿ ಕಲಾವಿದರ ನಾಟಕ, ಹಾಡು ಮಾತ್ರವಲ್ಲ, ಅವರ ಮಾತು ಕೇಳೋದಕ್ಕೂ ಜನ ಟಿಕೆಟ್ ಕೊಳ್ಳುತ್ತಾರೆ. ಪ್ರಕಟ ಮುಲಾಖತ್ ಅಂತ ಹೆಸರು. ವೇದಿಕೆ ಮೇಲೆ ಎರಡು ಕುರ್ಚಿ, ನಡುವೆ ಟೀಪಾಯಿ. ಒಂದರಲ್ಲಿ ನಟನೋ ಗಾಯಕಿಯೋ, ಇನ್ನೊಂದರಲ್ಲಿ ಕೇಳುವವರು. ಬರೀ ಮಾತು, ಸಭಾಂಗಣ ಭರ್ತಿ. ಇದನ್ನು ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆಯವರಿಗೆ ಹೇಳಿದರೆ ನಗುತ್ತಾರೆ. 'ಮಾತಾಡ್ಸೋದಕ್ಕೆ ದುಡ್ಡು ಎಂತಕ್ಕೆ ಮಾರಾಯಾ, ಆಟ ಮುಗಿದ ಮೇಲೆ ಚೌಕಿಗೆ ಹೋದ್ರೆ ಆಯ್ತಲ್ಲ' ಅನ್ನುತ್ತಾರೆ. ಆಟ ಅಂದರೆ ಯಕ್ಷಗಾನ, ಚೌಕಿ ಅಂದರೆ ವೇಷ ಕಟ್ಟುವ ಜಾಗ.

ಮಾತು ಕೇಳುವ ಚಟ ಪುಣೆಗೆ ಇವತ್ತಿನದಲ್ಲ. ನ್ಯಾಯಮೂರ್ತಿ ರಾನಡೆಯವರ ವಸಂತ ವ್ಯಾಖ್ಯಾನಮಾಲೆ ಶುರುವಾಗಿದ್ದು 1875ರಲ್ಲಿ. ಈಗ ಅದು ಫ್ಲ್ಯಾಟುಗಳಿಗೂ ಇಳಿದಿದೆ. ಭಾನುವಾರ ಸಂಜೆ ಕೊಥ್ರುಡ್‌ನಲ್ಲಿ ಯಾರದೋ ಮನೆಯ ಹಾಲಿನಲ್ಲಿ ಚಾದರ ಹಾಸಿ, ಫೋನನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಸ್ನೇಹಿತರೆಲ್ಲ ಸೇರಿ ಒಬ್ಬ ಚಿತ್ರಕಾರನನ್ನೋ ಡಿಸೈನರನ್ನೋ ಕೂರಿಸಿಕೊಂಡು ಬದುಕು, ಗುರುತು, ಕೆಲಸ ಅಂತ ಮಾತಾಡಿಸುತ್ತಾರೆ. ನಾನೂ ಹೋಗುತ್ತೇನೆ. ಚಹಾ ಚೆನ್ನಾಗಿರುತ್ತದೆ. ಪ್ರಶ್ನೆಗಳು ಮಾತ್ರ ಒಂದೇ ಅಚ್ಚಿನವು. ನಿಮ್ಮೊಳಗಿನ ಕಲಾವಿದ ಯಾವಾಗ ಎಚ್ಚರಾದ, ನಿಮ್ಮನ್ನು ನೀವು ಯಾರು ಅಂದುಕೊಳ್ಳುತ್ತೀರಿ, ಈ ಪಯಣ ಹೇಗಿತ್ತು. ಕೇಳಿಸಿಕೊಂಡು ಸಾಕಾಗಿರುವ ಕಲಾವಿದರೂ ಉತ್ತರ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಒಂದು ಸಲ ಕಲ್ಲು ಕೆತ್ತುವ ಶಿಲ್ಪಿ ಬಂದಿದ್ದರು. ಅಂಗೈ ಪೂರಾ ಜಡ್ಡುಗಟ್ಟಿತ್ತು, ಒಂದು ಹೆಬ್ಬೆರಳಿನ ಉಗುರು ಸೊಟ್ಟಗೆ ಬೆಳೆದಿತ್ತು. ಆ ಕೈ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಅಸ್ಮಿತೆ ಬಗ್ಗೆ ಅರ್ಧ ತಾಸು ಹೋಯಿತು.

ನಮ್ಮ ಕಡೆ ಇದು ಪೂರ್ತಿ ತಿರುಗುಮುರುಗು. ನೀನು ಯಾರು ಅನ್ನೋದು ಮೊದಲ ನಿಮಿಷದಲ್ಲೇ ಮುಗಿದುಹೋಗುತ್ತದೆ. 'ಯಾವೂರಾಯ್ತು? ಯಾರ ಮನೆ? ಓ, ಅವ್ರ ಮೊಮ್ಮಗನಾ!' ಅಲ್ಲಿಗೆ ಗುರುತಿನ ವಿಷಯ ಬಂದ್. ಮುಂದಿನ ಪ್ರಶ್ನೆ ಹೊಟ್ಟೆಯದು. ಈ ವರ್ಷ ಯಾವ ಮೇಳ, ಎಷ್ಟು ಕೊಡ್ತಾರೆ, ಮಳೆಗಾಲಕ್ಕೆ ಎಂತ ಮಾಡ್ತೀರಿ. ಪುಣೆಯವರ ಕಿವಿಗೆ ಇದು ಒರಟು. ಆದರೆ ಯಕ್ಷಗಾನದ ವೇಷಧಾರಿಯನ್ನು ಕೇಳಬೇಕಾದ ದೊಡ್ಡ ಪ್ರಶ್ನೆ ಇದೇ. ದೀಪಾವಳಿ ಕಳೆದು ಶುರುವಾದ ತಿರುಗಾಟ ಮಳೆ ಹಿಡಿಯುವ ಹೊತ್ತಿಗೆ ನಿಲ್ಲುತ್ತದೆ. ಉಳಿದ ತಿಂಗಳು ಗದ್ದೆ, ತೋಟ, ಹೋಟೆಲು, ಅಡುಗೆ ಕೆಲಸ. ಹೆಸರು ಮಾಡಿದವರಿಗೆ ವೇಷ, ಕುಣಿತ ಇಲ್ಲದ ಒಂದಷ್ಟು ತಾಳಮದ್ದಳೆ, ಮುಂಬೈ ಕಡೆ ಕೆಲವು ಆಟ. ಇದನ್ನೆಲ್ಲ ಕೇಳದೆ ಬಣ್ಣದ ಬದುಕು ಅಂತ ಮಾತಾಡಿದರೆ ಏನು ಮಾತಾಡಿದ ಹಾಗಾಯಿತು?

ಆಮೇಲೆ ನೇರ ಕೆಲಸದ ಮಾತು. 'ಕೌರವನ ಪ್ರವೇಶ ಚೂರು ಎಳೆದ್ರಿ.' 'ಆ ಪದ್ಯಕ್ಕೆ ಅಷ್ಟು ಕುಣಿಯೋದು ಬೇಡಾಗಿತ್ತು.' 'ಅರ್ಥ ಹೇಳುವಾಗ ಎದುರಿನವ್ರಿಗೂ ಜಾಗ ಬಿಡ್ಬೇಕಲ್ವಾ?' ಹೇಳುವವರು ವಿಮರ್ಶಕರಲ್ಲ, ಬೆಳಗಾದರೆ ಡೈರಿಗೆ ಹಾಲು ಹಾಕಬೇಕಾದವರು. ವೇಷಧಾರಿ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತ ಒರೆಸುತ್ತಲೇ ವಾದಕ್ಕೆ ನಿಲ್ಲುತ್ತಾನೆ, ಅರ್ಧ ಮುಖ ಕೌರವ, ಅರ್ಧ ಮುಖ ಸಾದಾ ಮನುಷ್ಯ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಗಮಕವನ್ನೇ ನೋಡಿ. ಒಬ್ಬರು ಕಾವ್ಯ ಓದುತ್ತಾರೆ, ಪಕ್ಕದಲ್ಲಿ ಕೂತವರು ಬಿಡಿಸಿ ಹೇಳುತ್ತಾರೆ. ಓದು, ಮಾತು, ಮತ್ತೆ ಓದು. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಮಾತು ಅಲ್ಲಿ ಕೆಲಸದ ಮಗ್ಗುಲಲ್ಲೇ ಕೂರುತ್ತದೆ, ಬೇರೆ ವೇದಿಕೆ ಕೇಳುವುದಿಲ್ಲ.

ಸಾಗರದ ಹತ್ತಿರದ ಹೆಗ್ಗೋಡಿನ ನಾಟಕ ಸಂಘ ನೀನಾಸಮ್ ಈ ಗುಣವನ್ನೇ ಒಂದು ಕ್ರಮ ಮಾಡಿಕೊಂಡಿತು ಅಂತ ನನ್ನ ಲೆಕ್ಕ. 1949ರಲ್ಲಿ ಊರವರು ಕಟ್ಟಿದ ಸಂಘ, 1980ರಲ್ಲಿ ರಂಗಶಾಲೆ, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ. ಅದನ್ನು ಬೆಳೆಸಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರೇ. ಅಲ್ಲಿನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ, ಬೆಳಿಗ್ಗೆ ಅದೇ ನಾಟಕದ ಮೇಲೆ ಚರ್ಚೆ. ನೋಡಿದವರು, ಆಡಿದವರು, ಆಡಿಸಿದವರು ಒಂದೇ ಕಡೆ. ನಾಟಕ ನೋಡದೆ ನಿದ್ದೆ ಹೊಡೆದವನಿಗೆ ಬೆಳಿಗ್ಗೆ ಕೇಳೋಕೆ ಏನೂ ಇರುವುದಿಲ್ಲ. ತಿರುಗಾಟದಲ್ಲಿ ರಾಜನ ಪಾತ್ರ ಮಾಡಿದ ಹುಡುಗನೇ ನಾಟಕ ಮುಗಿದ ಮೇಲೆ ಸೆಟ್ ಬಿಚ್ಚಿ ಗಾಡಿಗೆ ಏರಿಸುವುದು. ಅವನ ಜೊತೆ ಒಂದು ಪೆಟ್ಟಿಗೆ ಹಿಡಿದುಕೊಂಡು ಮಾತಾಡಿ ನೋಡಿ, ಕುರ್ಚಿ ಹಾಕಿ ಕೂರಿಸಿ ಕೇಳಿದ್ದಕ್ಕಿಂತ ಜಾಸ್ತಿ ಹೇಳುತ್ತಾನೆ. ಅಡಿಕೆ ಸುಲಿಯುವ ರಾತ್ರಿಗಳಲ್ಲೂ ಅಷ್ಟೇ. ಮೆಟ್ಟುಗತ್ತಿ ಮುಂದೆ ಕೂತವರ ಕೈ ಕೈಪಾಡಿಗೆ ಓಡುತ್ತಿರುತ್ತದೆ, ಬಾಯಿ ಬಾಯಿಪಾಡಿಗೆ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲವಾದ್ದರಿಂದ ಎಂಥ ಮಾತೂ ಹೊರಗೆ ಬರುತ್ತದೆ.

ನನ್ನ ಪುಣೆಯ ಗೆಳತಿಯೊಬ್ಬಳು ಸಾಕ್ಷ್ಯಚಿತ್ರ ಮಾಡುವವಳು. ಭೂಮಿತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬದ ಹೊತ್ತಿಗೆ ನನ್ನ ಜೊತೆ ಊರಿಗೆ ಬಂದಳು. ಗೋಡೆ, ಬುಟ್ಟಿಗಳ ಮೇಲೆ ಹಸೆ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಂಗಸರನ್ನು ಮಾತಾಡಿಸಬೇಕು ಅಂತ ಅವಳಿಗೆ. ನಮಗೆ ಗೊತ್ತಿರುವ ಅಕ್ಕ ಒಬ್ಬರು ಜಗಲಿಯಲ್ಲಿ ಕೂತು, ಹಬ್ಬದ ಎಡೆಯನ್ನು ಗದ್ದೆಗೆ ಒಯ್ಯುವ ಬೂಮಣ್ಣಿ ಬುಟ್ಟಿಗೆ ಬರೆಯುತ್ತಿದ್ದರು. ಸಗಣಿ ಬಳಿದು ಒಣಗಿಸಿ ಕೆಮ್ಮಣ್ಣು ಹಚ್ಚಿದ ಬುಟ್ಟಿ, ಪಕ್ಕದ ಗೆರಟೆಯಲ್ಲಿ ನೆನೆಸಿ ಅರೆದ ಅಕ್ಕಿ, ಕೈಯಲ್ಲಿ ಪುಂಡಿ ನಾರಿನ ಪುಟ್ಟ ಕುಂಚ. ಗೆಳತಿಗೆ ಕನ್ನಡ ಬಾರದು, ನಾನು ನಡುವೆ. ಮೊದಲ ಪ್ರಶ್ನೆ, ಒಬ್ಬ ಹೆಣ್ಣಾಗಿ ಈ ಕಲೆ ನಿಮಗೆ ಏನು ಕೊಟ್ಟಿದೆ? ಅಕ್ಕ ನನ್ನ ಮುಖ ನೋಡಿದರು. 'ಹಬ್ಬ ಬಂತಲ್ಲ ತಮ್ಮಾ, ಬರೀಬೇಕು' ಅಂದರು. ಮುಂದಿನ ಪ್ರಶ್ನೆಗಳಿಗೂ ಇಷ್ಟುದ್ದದ್ದೇ ಉತ್ತರ. ಗೆಳತಿ ಬೇಸತ್ತು ಕ್ಯಾಮೆರಾ ಆರಿಸಿದಳು. ಸುಮ್ನೆ ಕೂತು ನೋಡುತ್ತ, ಬುಟ್ಟಿ ದುಂಡಗಿದೆ, ಗೆರೆ ಹೇಗೆ ಇಷ್ಟು ನೆಟ್ಟಗೆ ಬರುತ್ತದೆ ಅಂತ ಕೇಳಿದಳು.

ಆಗ ಬಂತು ನೋಡಿ ಮಾತು! ಎಳೆ ಎಳೆಯುವಾಗ ಉಸಿರು ಬಿಡಬಾರದಂತೆ. ಹಿಟ್ಟು ತೆಳುವಾದರೆ ಕೆಮ್ಮಣ್ಣು ಕುಡಿದುಬಿಡುತ್ತದೆ, ದಪ್ಪವಾದರೆ ಒಣಗಿ ಉದುರುತ್ತದೆ. ಹಳದಿಗೆ ಗುರಿಗೆ ಕಾಯಿ, ಕಪ್ಪಿಗೆ ಸುಟ್ಟು ಕರಿ ಮಾಡಿದ ಅಕ್ಕಿ. ತವರಲ್ಲಿ ಅಮ್ಮ ಕಲಿಸಿದ್ದು ಒಂದು ತರಹ, ಗಂಡನ ಮನೆಯಲ್ಲಿ ಅತ್ತೆ ಬರೆಯುತ್ತಿದ್ದದ್ದು ಇನ್ನೊಂದು. ಮದುವೆಯಾಗಿ ಬಂದ ಮೊದಲ ಹಬ್ಬಕ್ಕೆ ಇವರು ಬರೆದದ್ದನ್ನು ಅತ್ತೆ 'ನಮ್ಮನೆ ಚಿತ್ತಾರ ಹಿಂಗಲ್ಲ' ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರಂತೆ. ಅತ್ತೆ ಹೋದ ಮೇಲೆ ಎರಡೂ ಸೇರಿಸಿ ಬರೆಯೋಕೆ ಶುರು ಮಾಡಿದ್ದು, ಒಂದು ಮೂಲೆಯಲ್ಲಿ ಮಾತ್ರ ಅತ್ತೆಯ ಎಳೆಯನ್ನು ಹಾಗೇ ಇಟ್ಟಿರುವುದು, ಸೊಸೆ ಕಲಿಯಲ್ಲ ಅಂದದ್ದು, ಅದಕ್ಕೆ ತನಗೆ ಸಿಟ್ಟೇನೂ ಇಲ್ಲ ಅನ್ನೋದು. ಹೆಣ್ಣಿನ ಬಾಳು, ಗುರುತು, ಎಲ್ಲ ಬಂತು. ಕೇಳಿದ್ದು ಗೆರೆ ಬಗ್ಗೆ ಅಷ್ಟೇ.

ಹಾಗಾಗಿ ನನ್ನ ಮತ ಜಗಲಿ ಮಾತಿಗೇ. ಮೊದಲು ಕೆಲಸ ಕೇಳಬೇಕು, ಮನುಷ್ಯ ತಾನೇ ಬರುತ್ತಾನೆ. ಈ ಗುರುತಿನ ಹುಚ್ಚು ನಮ್ಮ ಹೊರನಾಡ ಕನ್ನಡಿಗರಿಗೂ ಕಡಿಮೆಯಿಲ್ಲ ಅನ್ನಿ. ಗದಗಿನ ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿ, ಕುಂದಗೋಳದ ಗುರುವಿನ ಹೆಸರಲ್ಲಿ 1953ರಲ್ಲಿ ಸವಾಯಿ ಗಂಧರ್ವ ಉತ್ಸವ ಶುರು ಮಾಡಿದರು. ನಾವು ನಾಲ್ಕು ಜನ ಸೇರಿದರೆ ಸಾಕು, ಅವರು ನಮ್ಮವರು ಅಂತ ಎದೆ ಉಬ್ಬಿಸುತ್ತೇವೆ. ಅವರ ಯಾವ ರಾಗ ಇಷ್ಟ ಅಂತ ಯಾರಾದರೂ ಕೇಳಿದರೆ ತಿಂಡಿ ತಟ್ಟೆ ಕಡೆ ನೋಡುತ್ತೇವೆ.

ಆದರೆ ನಮ್ಮೂರಿನ ಜಗಲಿಯನ್ನು ಪೂರ್ತಿ ಹೊಗಳೋಕೂ ಮನಸ್ಸು ಬರುವುದಿಲ್ಲ. ಆವತ್ತು ಅಕ್ಕ ಮಾತಾಡುತ್ತಿದ್ದಾಗ ಅವರ ಯಜಮಾನರು ಕಂಬಕ್ಕೆ ಒರಗಿ ಕೂತಿದ್ದರು. ಕೌರವನ ಪ್ರವೇಶದ ಬಗ್ಗೆ ಬೆಳತನಕ ಮಾತಾಡಬಲ್ಲ ಮನುಷ್ಯ. 'ಇವ್ಳಿಗೆ ಇಷ್ಟೆಲ್ಲ ಗೊತ್ತು ಅಂತ ನಂಗೇ ಗೊತ್ತಿರ್ಲಿಲ್ಲ' ಅಂದರು, ನಗುತ್ತಾ. ನನಗೆ ನಗು ಬರಲಿಲ್ಲ. ನಮ್ಮ ಈ ನೇರ ಮಾತು, ವಾದ, ತಕರಾರು ಎಲ್ಲ ಗಂಡಸರ ಆಟಕ್ಕೆ ಮೀಸಲು. ಮನೆಯೊಳಗೆ ಹೆಂಗಸು ಬರೆದದ್ದನ್ನು ಚೆನ್ನಾಗಿಲ್ಲ ಅನ್ನುವಷ್ಟೂ ಯಾರೂ ನೋಡುವುದಿಲ್ಲ. ಅತ್ತೆಯೊಬ್ಬರೇ ನೋಡಿದ್ದು! ಇನ್ನು ಹುಡುಗಿಯೊಬ್ಬಳು ರಂಗಶಾಲೆಗೆ ಸೇರುತ್ತೇನೆ ಅಂದರೆ ಕೇಳುವ ಮೊದಲ ಮಾತು 'ಆಮೇಲೆ ಎಂತ?'. ಪುಣೆಯ ಚಾದರದ ಮೇಲೆ ಕನಿಷ್ಠ ಅವಳನ್ನು ಪೂರ್ತಿ ಮಾತಾಡೋಕೆ ಬಿಡುತ್ತಾರೆ.

ದುಡ್ಡಿನ ವಿಷಯದಲ್ಲೂ ಪುಣೆಯವರೇ ವಾಸಿ. ಎಷ್ಟು ಸಂಪಾದನೆ ಅಂತ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಹೊರಡುವಾಗ ಕೈಗೆ ಲಕೋಟೆ ಇಡುತ್ತಾರೆ. ನಾವು ಎಷ್ಟು ಕೊಡ್ತಾರೆ ಅಂತ ಕೇಳುತ್ತೇವೆ, ನಾವು ಮಾತ್ರ ಕೊಡುವುದಿಲ್ಲ.

ಈ ಸಲ ಹಬ್ಬಕ್ಕೆ ಊರಿನ ಹುಡುಗರು ಚಿತ್ತಾರ ಬರೆಯುವವರನ್ನು ಕರೆದು ಎಲ್ಲರೆದುರು ಮಾತಾಡಿಸೋಣ ಅಂತ ಹೊರಟಿದ್ದಾರೆ. ಒಳ್ಳೆಯದೇ. ವಾಟ್ಸಾಪ್ ಗುಂಪಿಗೆ ಖರ್ಚಿನ ಪಟ್ಟಿ ಬಂತು. ಶಾಮಿಯಾನ, ಮೈಕು, ಊಟ, ಶಾಲು, ಹಾರ, ಫಲಕ. ಬರೆಯುವವರಿಗೆ ಎಷ್ಟು ಅಂತ ಕೇಳಿದೆ. 'ಅಣ್ಣಾ, ಅವ್ರು ನಮ್ಮೋರೇ ಅಲ್ವಾ' ಅಂತ ಉತ್ತರ. ಶಾಮಿಯಾನದವನೂ ನಮ್ಮೋನೇ, ಅವನಿಗೆ ಬಾಡಿಗೆ ಬರೆದಿದ್ದೀರಲ್ಲ ಅಂದೆ. ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಶಾಮಿಯಾನದವನು ಮಾತ್ರ ಒಂದು ಹೆಬ್ಬೆಟ್ಟು ಒತ್ತಿದ್ದಾನೆ.